ನಮ್ಮ ಮನೆ ಸೋಪು, 13 ಗ್ರಾಂ ತಪ್ಪು

ಹೋದ ಸಲ ಈ ಗೋಡೆ ಪತ್ರಿಕೆಗೆ ನಾನು ಚುಟುಕ ಬರೆದಿದ್ದೆ. ಈ ಸಲ ನಡೆದದ್ದನ್ನೇ ಬರೆಯುತ್ತೇನೆ. ನಮ್ಮ ಬೀದಿಯವರಿಗೆ ಈ ವಿಷಯ ಅರ್ಧ ಗೊತ್ತು. ಅದಕ್ಕೇ ಪೂರ್ತಿ ಬರೆದುಬಿಡೋದು ಒಳ್ಳೇದು.

ರಾಜಾಜಿನಗರದಲ್ಲಿ ನಮ್ಮ ಅತ್ತೆ ಮನೆ ಇದೆ. ಯಲಹಂಕದಿಂದ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಅಲ್ಲಿ ಮೆಟ್ರೋ ಹತ್ತಿದರೆ, ಮುಂದಿನ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿ ರಸ್ತೆಗೆ ಇಳಿದರೆ ಗಾಳಿಯೇ ಘಮ್ಮೆನ್ನುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗೋದು ನಿಂತು, ಮರ ಇಲ್ಲೇ ರಾಶಿ ಬಿತ್ತಂತೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಸಿದರು. ಆಮೇಲೆ ಸೋಪಿನ ಕಾರ್ಖಾನೆಯೂ ಬಂತು. ಸೋಪಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿ ಎಂಬುವರನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಅವರಿಗೆ 'ಸೋಪ್ ಶಾಸ್ತ್ರಿ' ಅಂತಲೇ ಹೆಸರಾಯಿತು.

ನಮ್ಮಮ್ಮ ಇಂಗ್ಲೆಂಡಿಗೆ ಹೋಗಲಿಲ್ಲ, ಸ್ತ್ರೀಶಕ್ತಿ ಸಂಘದಲ್ಲಿ ಎರಡು ದಿನ ಕಲಿತು ಬಂದಳು. ಒಲೆ ಹಚ್ಚದೆ ಮಾಡುವ ಸೋಪು. 500 ಗ್ರಾಂ ಕೊಬ್ಬರಿ ಎಣ್ಣೆ, 87 ಗ್ರಾಂ ಕಾಸ್ಟಿಕ್ ಸೋಡಾ, 190 ಗ್ರಾಂ ನೀರು. ನನ್ನ ರಫ್ ನೋಟಿನಲ್ಲೇ ಬರೆಸಿದಳು. ನಮ್ಮದು ಚೆನ್ನಾಗಿ ಬಂದರೆ ಸಂಘದವರೆಲ್ಲಾ ದುಡ್ಡು ಹಾಕಿ ಜಾತ್ರೆಗೆ ಮಾಡೋದು ಅಂತ ಮಾತಾಗಿತ್ತು.

"ಸೋಡಾನ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡೀಲಿ ತೂಗಿಸ್ಕೊಂಡ್ ಬಾರೇ" ಅಂದಳು ಅಮ್ಮ. ನನಗೆ ಸೋಮಾರಿತನ. ತಾತ ತರಕಾರಿ ಮಾರುತ್ತಿದ್ದ ಹಳೇ ತಕ್ಕಡಿ ಅಟ್ಟದ ಮೇಲಿತ್ತು. ಅದರಲ್ಲಿ ಚಿಕ್ಕ ಬಟ್ಟು ಅಂದರೆ 50 ಗ್ರಾಂದು. ಎರಡು ಇಟ್ಟರೆ 100. ಎಂಬತ್ತೇಳೂ ನೂರೂ ಹತ್ತಿರ ಹತ್ತಿರ ಒಂದೇ ಅಲ್ವಾ ಅಂದುಕೊಂಡೆ.

ಆಮೇಲಿನದೆಲ್ಲ ಅಮ್ಮ ಸರಿಯಾಗಿಯೇ ಮಾಡಿದಳು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಹಿತ್ತಲಲ್ಲಿ ಗಾಳಿಗೆ ಕೂತು ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಆಗೋದಿಲ್ಲ, ಸೋಡಾ ಅದನ್ನು ತಿಂದುಹಾಕುತ್ತೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಸುರಿಯಬಾರದು. ಬೆಂಕಿಯೇ ಇಲ್ಲದೆ ಆ ನೀರು ಹೊಗೆಯಾಡುವಷ್ಟು ಕಾದಿತು. ಆರಿದ ಮೇಲೆ ಎಣ್ಣೆಗೆ ಹಾಕಿ ಹಳೇ ಕಡೆಗೋಲಿನಿಂದ ಕಡೆದೆವು. ಇಡ್ಲಿ ಹಿಟ್ಟಿನ ಹದ ಬಂದಾಗ ಮಜ್ಜಿಗೆಹುಲ್ಲಿನ ಎಣ್ಣೆ ಮೂರು ಚಮಚ. ಶ್ರೀಗಂಧದ ಎಣ್ಣೆ ನಮಗೆಲ್ಲಿ ಬರಬೇಕು!

ಅರ್ಧ ಹಿಟ್ಟಿಗೆ ಅರಿಶಿನ ಕಲಸಿದೆ. ಹಳದಿ ಆಗುತ್ತೆ ಅಂತ ನೋಡಿದರೆ ಕುಂಕುಮದ ಹಾಗೆ ಕೆಂಪಗಾಯಿತು! ವಿಜ್ಞಾನದ ಪಾಠದಲ್ಲಿ ಅರಿಶಿನದ ಕಾಗದಕ್ಕೆ ಸೋಪಿನ ನೀರು ಹಾಕಿ ನೋಡಿದೆವಲ್ಲ, ಅದೇ. ಬಿಳಿ ಒಂದು ಸೌಟು, ಕೆಂಪು ಒಂದು ಸೌಟು ಸುರಿದು, ಊದುಬತ್ತಿ ಕಡ್ಡಿಯಿಂದ ಹಾವಿನ ಹಾಗೆ ಎಳೆದೆ. ಸಂಜೆಗೇ ಕತ್ತರಿಸಿದೆವು, ಮಾರನೇ ದಿನಕ್ಕೆ ಬಿಟ್ಟರೆ ಕೊಬ್ಬರಿ ಎಣ್ಣೆ ಸೋಪು ಪುಡಿಯಾಗುತ್ತಂತೆ. ಏಳು ಬಿಲ್ಲೆ. ಒಂದೊಂದರಲ್ಲೂ ಒಂದೊಂದು ಸುರುಳಿ. ಅಂಥ ಚೆಂದದ್ದನ್ನು ನಾನು ಇನ್ನೊಂದು ಮಾಡಿಲ್ಲ. ಅಮ್ಮನಿಗೆ ಕಾಣದ ಹಾಗೆ ಮಲ್ಲಿಗೆ ಮೊಗ್ಗನ್ನೂ ಒತ್ತಿದ್ದೆ, ಅವು ಮಾತ್ರ ಬೀಡಿ ಎಲೆ ಬಣ್ಣಕ್ಕೆ ತಿರುಗಿದವು, ವಾಸನೆಯೂ ಹೋಯಿತು.

ಒಂದು ತಿಂಗಳು ಮುಟ್ಟಬೇಡಿ ಅಂದಿದ್ದಳು ಅಮ್ಮ. ಹತ್ತನೇ ದಿನ ನಾನೇ ಒಂದನ್ನು ಅಜ್ಜಿಗೆ ಕೊಟ್ಟೆ. ಸಗಣಿ ಬಾಚಿ ಬಾಚಿ ಅಜ್ಜಿಯ ಕೈ ಬಿರುಕು ಬಿಟ್ಟಿದೆ. ತೊಳೆದದ್ದೇ ತಡ, "ಅಯ್ಯೋ, ಕೆಂಡ ಹಿಡ್ದಂಗಾಯ್ತು ಕಣೇ" ಅಂತ ಕೂಗಿಕೊಂಡಳು. ಎಷ್ಟೋ ಹೊತ್ತು ನೀರು ಸುರಿದೆವು. ಎರಡು ದಿನ ಅಜ್ಜಿ ಮುದ್ದೆ ಮುರಿಯಲಾರದೆ ಅಮ್ಮನ ಕೈಯಲ್ಲಿ ಉಂಡಳು.

ಅಮ್ಮ ತನ್ನ ಲೆಕ್ಕವೇ ತಪ್ಪು ಅಂದುಕೊಂಡಳು. ಸಂಘದ ಸಭೆಯಲ್ಲಿ ಎದ್ದು ನಿಂತು "ನನ್ ಕೈಲಿ ಆಗಲ್ಲ, ದುಡ್ಡು ಹಾಕ್ಬೇಡಿ" ಅಂದಳಂತೆ. ಅದು ಕೇಳಿದ ಮೇಲೂ ನಾನು ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೇ ದಿನ ರಾತ್ರಿ ಹೇಳಿದೆ. ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು.

ಗಣಿತದ ಮೇಷ್ಟ್ರನ್ನು ಕೇಳಿದೆ. ಬೈದು, ಬೋರ್ಡಿನ ಮೇಲೆ ತ್ರೈರಾಶಿ ಹಾಕಿದರು. 87 ಗ್ರಾಂ ಸೋಡಾಕ್ಕೆ 500 ಗ್ರಾಂ ಎಣ್ಣೆಯಾದರೆ 100 ಗ್ರಾಂಗೆ ಎಷ್ಟು? ಸುಮಾರು 575. ಅಂದರೆ ಇನ್ನೂ 75 ಗ್ರಾಂ ಎಣ್ಣೆ ಬೇಕಿತ್ತು. ಮಿಕ್ಕ ಸೋಡಾ ತಿಂಗಳು ಕಾದರೂ ಹೋಗುತ್ತಿರಲಿಲ್ಲ.

ಭಾನುವಾರ ಗ್ಲೌಸು ಹಾಕಿಕೊಂಡು ಏಳೂ ಬಿಲ್ಲೆಗಳನ್ನು ನಾನೇ ತುರಿದೆ. ಸುರುಳಿಗಳೆಲ್ಲ ತುರಿಯಾಗಿ ಬಿದ್ದವು. ಎಣ್ಣೆ, ಸ್ವಲ್ಪ ನೀರು ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆವು. ಈಗ ಅವು ಗಂಟುಗಂಟಾಗಿ ಹಳೇ ಇಟ್ಟಿಗೆ ಹಾಗಿವೆ. ಎರಡು ವಾರ ಕಳೆದ ಮೇಲೆ ಅಮ್ಮ ಮೊದಲು ತನ್ನ ಕೈಗೇ ಹಾಕಿ ನೋಡಿದಳು. ಉರಿಯಲಿಲ್ಲ, ನೊರೆ ಚೆನ್ನಾಗಿ ಬಂತು.

ಬರೋ ಶನಿವಾರ ಸಂಘದ ಸಭೆ. ಆರು ಬಿಲ್ಲೆ ಅಲ್ಲಿಗೆ ಹೋಗುತ್ತವೆ, ಜೊತೆಗೆ ನಾನೂ ಹೋಗಿ ತಕ್ಕಡಿ ವಿಷಯ ಹೇಳಬೇಕು. ಏಳನೆಯದು ಬಚ್ಚಲಲ್ಲಿದೆ. ಅಜ್ಜಿ ಇನ್ನೂ ಅದನ್ನು ಮುಟ್ಟಿಲ್ಲ.