ಘಟ್ಟದ ಹಾದಿಯ ಗೆಳೆಯರು

ಮೈಸೂರಿನ ಯಾದವಗಿರಿಯಲ್ಲಿ ಒಂದಾನೊಂದು ಕಾಲದಲ್ಲಿ ಮೋಟಾರುಸೈಕಲ್ಲುಗಳು ತಯಾರಾಗುತ್ತಿದ್ದವೆಂದರೆ ಇಂದಿನ ತರುಣರಿಗೆ ಅದೊಂದು ಕತೆಯೆಂದೇ ತೋರಬಹುದು. 1961ರಿಂದ ಜಾವಾ ಎಂದೂ 1973ರ ಅನಂತರ ಯೆಜ್ಡಿ ಎಂದೂ ಹೆಸರು ಹೊತ್ತು ಹೊರಬಿದ್ದ ಆ ವಾಹನಗಳು ದೇಶದ ಮೂಲೆಮೂಲೆಗಳನ್ನು ಮುಟ್ಟಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೇನು, ಅವುಗಳನ್ನು ಮಗುವಿನಂತೆ ಸಾಕಿಕೊಂಡಿರುವ ಮನೆಗಳು ಆ ಊರಿನಲ್ಲಿ ಇಂದಿಗೂ ಉಂಟು.

ಅಂಥ ಒಂದು ಮನೆಯ ದಂಪತಿಗಳು ಡಿಸೆಂಬರಿನ ಒಂದು ಮುಂಜಾನೆ ಮಲೆನಾಡಿನ ಕಡೆಗೆ ಹೊರಟರು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಪತ್ನಿ ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿದವರು. ವಾಹನ 1991ರಲ್ಲಿ, ಅವರ ವಿವಾಹವಾದ ವರ್ಷವೇ, ಕೊಂಡದ್ದು. "ಈ ವಯಸ್ಸಿನಲ್ಲಿ ಬೈಕೇ? ಕಾರಿನಲ್ಲಿ ಹೋಗಬಾರದೇ ಅಪ್ಪಾ?" ಎಂದು ಮಗನು ಬೆಂಗಳೂರಿನಿಂದ ಫೋನಿನಲ್ಲಿ ಆಕ್ಷೇಪಿಸಿದನು. ಆದರೆ ಅದಕ್ಕೆ ಒಂದು ವಾರ ಮೊದಲು ಬಂದಿದ್ದ ಇನ್ನೊಂದು ಫೋನಿನ ಮಾತು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕುದುರೆಮುಖದ ತಪ್ಪಲಿನಲ್ಲಿರುವ ಹಳೆಯ ಸಹಪಾಠಿ ಹೇಳಿದ್ದು ಇಷ್ಟೇ: "ಮನೆ ಇರುವಾಗಲೇ ಒಮ್ಮೆ ಬಂದು ಹೋಗು ಮಾರಾಯ. ಹಿಂದೆ ಬಂದಹಾಗೆ ಆ ಗಾಡಿಯಲ್ಲೇ ಬಾ."

ಮೈಸೂರಿನಿಂದ ಚಿಕ್ಕಮಗಳೂರಿನವರೆಗಿನ ಸುಮಾರು 180 ಕಿಲೋಮೀಟರು ಬಯಲಿನ ದಾರಿ. ಅದರ ಬಗೆಗೆ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ಮೊದಲ ರಾತ್ರಿ ಕಾಫಿ ತೋಟದ ಗೆಳೆಯರ ಮನೆಯಲ್ಲಿ. ಹಣ್ಣು ಕೊಯ್ಯುವ ಕಾಲವದು. ಕಣದ ತುಂಬ ಹರವಿದ ಕಾಫಿಯ ಹುಳಿಮಿಶ್ರಿತ ಕಂಪು ಜಗಲಿಯವರೆಗೂ ಬರುತ್ತಿತ್ತು. ಮರುದಿನ ಬೆಳಗ್ಗೆ 1930 ಮೀಟರು ಎತ್ತರದ ಮುಳ್ಳಯ್ಯನಗಿರಿಗೆ ಹೋಗಿಬಂದರು. ಕರ್ನಾಟಕದ ಅತ್ಯುನ್ನತ ಶಿಖರವದು. ಅದರ ನೆರೆಯ ಗಿರಿಯಲ್ಲಿಯೇ ಬಾಬಾ ಬುಡನ್ ಅರಬರ ನಾಡಿನಿಂದ ತಂದ ಏಳು ಕಾಫಿ ಬೀಜಗಳನ್ನು ಬಿತ್ತಿದನೆಂಬ ಪ್ರತೀತಿ ಇದೆ. ಬೆಳಗಿನ ಲೋಟ ಕೈಗೆ ಬಂದಾಗ ಆ ಏಳು ಬೀಜಗಳನ್ನು ನೆನೆಯುವವರು ನಮ್ಮಲ್ಲಿ ಎಷ್ಟು ಮಂದಿ!

ಬಾಳೆಹೊನ್ನೂರು ದಾಟಿ ಕಳಸದ ಕಡೆ ತಿರುಗಿದೊಡನೆ ರಸ್ತೆಯ ಸ್ವಭಾವವೇ ಬೇರೆಯಾಗುತ್ತದೆ. ಭದ್ರೆ ಕ್ಷಣಕ್ಕೊಮ್ಮೆ ಕಣ್ಣಿಗೆ ಬಿದ್ದು ಮರೆಯಾಗುತ್ತಾಳೆ. ಬೆಟ್ಟದ ನೆತ್ತಿಯೆಲ್ಲ ಹುಲ್ಲು. ಕಣಿವೆಯ ಮಡಿಲಿನಲ್ಲಿ ಮಾತ್ರ ಶೋಲವೆಂದು ಕರೆಯುವ ದಟ್ಟ ಕಾಡು. ನೆತ್ತಿಯ ಹುಲ್ಲು ಮತ್ತು ಮಡಿಲಿನ ಕಾಡು ಎರಡೂ ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಬೇಸಗೆಯಲ್ಲಿಯೂ ತೊರೆಗಳು ಬತ್ತುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಈ ಸೀಮೆಯಲ್ಲಿಯೇ. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರಿನ ರಾಡಿಯನ್ನು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಕಡಲತೀರಕ್ಕೆ ಸಾಗಿಸುತ್ತಿದ್ದ ಕಾಲ ಅದು.

ಗಣಿ ನಿಂತುದು ಒಳ್ಳೆಯದೇ ಆಯಿತು. ಆದರೆ ಉದ್ಯಾನದ ಎಲ್ಲೆಯೊಳಗೆ ತಲೆಮಾರುಗಳಿಂದ ಬಾಳಿದ ಮನೆಗಳ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಒಪ್ಪಿದವರಿಗೆ ಪರಿಹಾರವಿತ್ತು ಹೊರಗೆ ನೆಲೆಗೊಳಿಸುವ ಏರ್ಪಾಡು ಇದೆ. ಒಪ್ಪುವುದೋ ಬಿಡುವುದೋ ಎಂಬುದೇ ಆ ಸಹಪಾಠಿಯ ಮನೆಯ ಚಿಂತೆ.

ಡಾಂಬರು ಮುಗಿದಲ್ಲಿ, ತೊರೆಯ ಅಂಚಿನಲ್ಲಿ, ಗಾಡಿಯನ್ನು ನಿಲ್ಲಿಸಿ ಅರ್ಧ ಗಂಟೆ ನಡೆದರು. ಹೆಂಚಿನ ಮನೆ, ಅಡಕೆಯ ತೋಟ, ಎರಡು ಮಡಿ ಗದ್ದೆ. ತೊರೆಯ ನೀರಿನಿಂದ ತಿರುಗುವ ಪುಟ್ಟ ಯಂತ್ರವೊಂದು ಮನೆಗೆ ಬೇಕಾದಷ್ಟು ದೀಪ ಕೊಡುತ್ತದೆ. ಗೆಳೆಯನ ವೃದ್ಧ ತಾಯಿ ಬಾಗಿಲಿನಲ್ಲಿಯೇ ನಿಂತು, "ಬನ್ನಿ, ಬನ್ನಿ. ಆಸರಿಗೆ ಎಂತ ಕೊಡಲಿ?" ಎಂದರು. ಬೆಲ್ಲ, ನೀರು ಬಂದುವು. ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿ.

ರಾತ್ರಿ ದೀಪದ ಬೆಳಕಿನಲ್ಲಿ ಗೆಳೆಯನು ಆಸ್ತಿಯ ಬೆಲೆಕಟ್ಟಿದ ಪಟ್ಟಿಯನ್ನು ಮುಂದಿಟ್ಟು, "ಅತ್ತಿಗೆ, ನೀವು ಲೆಕ್ಕದವರು. ಕೂಡಿಸಿದ್ದು ಸರಿಯಿದೆಯೇ ನೋಡಿ" ಎಂದನು. ಅವರು ಒಂದೊಂದಾಗಿ ಓದಿ ಹೇಳಿದರು: ಅಡಕೆ ಮರ ಇಷ್ಟು, ಮೆಣಸಿನ ಬಳ್ಳಿ ಇಷ್ಟು, ತೆಂಗು, ಬಾವಿ, ಕೊಟ್ಟಿಗೆ. ಕೂಡಿಕೆ ಸರಿಯಾಗಿಯೇ ಇತ್ತು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ತಾಯಿ ತಲೆಯೆತ್ತದೆ ಕೇಳಿದರು: "ಹಿತ್ತಲ ಹಲಸಿಗೆ ಎಷ್ಟು ಬರೆದಿದ್ದಾರೆ?"

ಪಟ್ಟಿಯನ್ನು ಎರಡು ಸಲ ನೋಡಿದರೂ ಹಲಸು ಸಿಗಲಿಲ್ಲ.

"ಅದನ್ನು ಬರೆಸಬಹುದಮ್ಮ" ಎಂದನು ಮಗ. "ಬರೆಸುವುದು ಬೇಡ, ಎಷ್ಟೆಂದು ಕೇಳಿದೆ, ಅಷ್ಟೆ" ಎಂದರು ಆಕೆ. ಮಕ್ಕಳು ನಗರದಲ್ಲಿದ್ದಾರೆ, ಆಸ್ಪತ್ರೆ ದೂರ, ಮಳೆಗಾಲದಲ್ಲಿ ತೊರೆ ಉಕ್ಕಿದರೆ ದಿನಗಟ್ಟಲೆ ದಾಟುವಂತಿಲ್ಲ. ಹೋಗಬೇಕೆನ್ನುವುದಕ್ಕೆ ಕಾರಣಗಳು ಅನೇಕ, ಅವೆಲ್ಲವೂ ನ್ಯಾಯವಾದವೇ. ಗೆಳೆಯನು ಅಂದು ಸಹಿ ಹಾಕಲಿಲ್ಲ; ಹಾಕುವುದಿಲ್ಲವೆಂದೂ ಹೇಳಲಿಲ್ಲ.

ಮರುದಿನ ಮಾಳದ ಘಟ್ಟವಿಳಿದು ಕಾರ್ಕಳಕ್ಕೆ. ಅರಣ್ಯದ ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರು ಬರೆಸಿ ಮುಂದುವರಿಯುವಷ್ಟರಲ್ಲಿ ಮಂಜು ಕವಿಯಿತು. ಹಳೆಯ ಯೆಜ್ಡಿಯನ್ನು ಘಟ್ಟದಲ್ಲಿ ಇಳಿಸುವುದು ಏರಿಸುವುದಕ್ಕಿಂತ ಕಠಿನ. ಅದರ ಎಂಜಿನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತಿರುತ್ತದೆ. ಇಳಿಜಾರಿನಲ್ಲಿ ಥ್ರಾಟಲನ್ನು ಪೂರ್ತಿ ಮುಚ್ಚಿಕೊಂಡೇ ಹೋದರೆ ಪೆಟ್ರೋಲಿನೊಡನೆ ಎಣ್ಣೆಯೂ ಕಡಿಮೆಯಾಗಿ ಒಳಗಿನ ಲೋಹ ಕಾದು ಹಿಡಿದುಕೊಳ್ಳಬಹುದು. ಆದುದರಿಂದ ನಡುನಡುವೆ ಕ್ಲಚ್ ಹಿಡಿದು ಒಂದಿಷ್ಟು ಥ್ರಾಟಲ್ ತಿರುವಬೇಕು. ಬ್ರೇಕು ಕಾಯದಂತೆ ಕೆಳಗಿನ ಗಿಯರಿನಲ್ಲಿ ಇಳಿಯಬೇಕು. "ರೀ, ಎಡಕ್ಕೆ ಬಸ್ಸು" ಎಂದು ಹಿಂದಿನಿಂದ ಭುಜ ಮುಟ್ಟಿ ಎಚ್ಚರಿಸುತ್ತಿದ್ದ ದನಿಯೊಂದೇ ಆ ಬೆಳ್ಳನೆಯ ಕುರುಡಿನಲ್ಲಿ ಯಜಮಾನರಿಗೆ ಕಣ್ಣಾಗಿತ್ತು. ಬೇರೆ ಮಾತು ಇಬ್ಬರಲ್ಲಿಯೂ ಇರಲಿಲ್ಲ.

ಕಾರ್ಕಳದಲ್ಲಿ ಪತ್ನಿಯ ಬಾಲ್ಯದ ಗೆಳತಿಯ ಮನೆ. 1432ರಲ್ಲಿ ನಿಂತ 42 ಅಡಿಯ ಗೋಮಟನ ದರ್ಶನ. ಅಲ್ಲಿಂದ ಹೆಬ್ರಿ, ಸೋಮೇಶ್ವರ. ಬಳಿಕ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಏರಿ ತೀರ್ಥಹಳ್ಳಿ. ಅಲ್ಲಿನ ಗೆಳೆಯನೂ ಅದೇ ಕಾಲೇಜಿನ ಒಡನಾಡಿ. ಮರುದಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ನೋಡಿ ಕವಿಶೈಲವನ್ನು ಹತ್ತಿದರು. ಬಂಡೆಯ ಮೇಲೆ ಕುಳಿತಾಗಲೂ ಮಾತು ತಪ್ಪಲಿನ ಆ ಮನೆಯ ಕಡೆಗೇ ಹರಿಯಿತು. "ಮೇ ತಿಂಗಳಿನಲ್ಲಿ ಹಲಸು ಹಣ್ಣಾಗುತ್ತದೆ. ಎಲ್ಲರೂ ಹೋಗಿ ನಾಲ್ಕು ದಿನ ಇದ್ದು ಬರೋಣ" ಎಂದನು ತೀರ್ಥಹಳ್ಳಿಯವನು. ಆಗಲೇ ತಿಳಿಸಿಬಿಡೋಣವೆಂದು ಫೋನು ಹಚ್ಚಿದರೆ ಸಿಗಲಿಲ್ಲ; ಆ ಮನೆಯವರು ಫೋನಿಗೆ ಸಿಗಬೇಕಾದರೆ ಎದುರಿನ ಗುಡ್ಡವನ್ನು ಹತ್ತಿರಬೇಕು. ಸಂಜೆ ಅವರು ಹಾಲಿನ ಲೆಕ್ಕ ಕೇಳಲು ಹತ್ತುವ ವೇಳೆಯನ್ನು ನೋಡಿ, ಏಳು ಗಂಟೆಗೆ ಮತ್ತೆ ಮಾಡುವುದೆಂದು ನಿಶ್ಚಯಿಸಿದರು.