“ವಂಶದಾಗ ಐತಿ” ಅಂದ್ರ ಮುಗೀತೇನು?

“ವಂಶದಾಗ ಐತಿ.” ನಮ್ಮ ಕಡೆ ಹಾರ್ಟ್ ಅಟ್ಯಾಕ್ ಆದ ಮನೆಗೆ ಮಾತಾಡಿಸಿ ಬರೋಕೆ ಹೋದರೆ ಈ ಮಾತು ಒಬ್ಬರಾದರೂ ಹೇಳೇ ಹೇಳ್ತಾರೆ. ನಾವು ಮೂವರು ಗೆಳೆಯರು. ಒಬ್ಬ ರಾಯಚೂರು ಸಿಟಿ, ಒಬ್ಬ ದೇವದುರ್ಗ, ಒಬ್ಬ ಮಾನ್ವಿ. ಮೂರೂ ಮನೆಗಳಲ್ಲಿ ಇದನ್ನು ಕೇಳಿಯೇ ಬೆಳೆದಿದ್ದೇವೆ.

ಈ ವರ್ಷ ಆ ಮಾತು ಹತ್ತಿರ ಬಂತು. ಮಾನ್ವಿ ಗೆಳೆಯನ ಅಪ್ಪಗೆ ಇನ್ನೂ ಐವತ್ತು ದಾಟಿಲ್ಲ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಹೋಮೋಸಿಸ್ಟೀನ್ 34, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. ಅವರ ಅಣ್ಣ ಎದೆನೋವಿನಿಂದಲೇ ತೀರಿಕೊಂಡವರು. “ಅಣ್ಣಗ ಬಂತು, ನನಗೂ ಬಂದೈತಿ. ಯಾರ ಕೈಯಾಗ ಐತಿ?” ಅಂದು ಗುಟ್ಕಾ ಚೀಟು ಹರಿದರಂತೆ. ಆ ಗುಟ್ಕಾ ನಮ್ಮ ತಲೆ ಕೆಡಿಸಿತು. ವಂಶದ್ದೇ ಆದರೆ ಬಿಟ್ಟೂ ಏನು ಲಾಭ ಅಂತ ಅವರ ಲೆಕ್ಕ. ಆ ಲೆಕ್ಕ ಸರಿಯಾ ಅಂತ ನೋಡೋಕೆ ಮೂವರೂ ಕೂತು ಓದಿದೆವು. ನಾವು ಡಾಕ್ಟರ್ ಅಲ್ಲ. ಪಿಯುಸಿ ಬಯಾಲಜಿ ಮತ್ತು ಹಾಸ್ಟೆಲ್ ವೈಫೈ ನಮ್ಮ ಬಂಡವಾಳ.

ಹೋಮೋಸಿಸ್ಟೀನ್ ಒಂದು ಅಮೈನೋ ಆಮ್ಲ. ಊಟದ ಪ್ರೋಟೀನಿನಿಂದ ಬರುವ ಮೆಥಿಯೋನಿನ್ ಬಳಕೆಯಾಗುವಾಗ ದೇಹದೊಳಗೇ ಹುಟ್ಟುತ್ತದೆ. ರಕ್ತದಲ್ಲಿ ಲೀಟರಿಗೆ ಸುಮಾರು 5ರಿಂದ 15 ಮೈಕ್ರೋಮೋಲ್ ಇದ್ದರೆ ಸಾಮಾನ್ಯ. ಮುಂದಿನದಕ್ಕೆ ಮಾನ್ವಿಯವರಿಗೆ ಗೊತ್ತಿರುವ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೆನೆಸಿಕೊಳ್ಳಿ. ಗೇಟು ಪೂರ್ತಿ ಏಳದಿದ್ದರೆ ನೀರು ಹಿಂದೆ ನಿಲ್ಲುತ್ತದೆ. ಹೋಮೋಸಿಸ್ಟೀನಿಗೆ ಮುಖ್ಯವಾಗಿ ಎರಡು ಗೇಟು. ಒಂದು ಅದನ್ನು ಮತ್ತೆ ಮೆಥಿಯೋನಿನ್ ಮಾಡುತ್ತದೆ. ಇದಕ್ಕೆ ಫೋಲೇಟ್ ಮತ್ತು ಬಿ12 ಬೇಕು. ಇನ್ನೊಂದು ಸಿಸ್ಟೀನ್ ಕಡೆ ಹರಿಸುತ್ತದೆ. ಇದಕ್ಕೆ ಬಿ6 ಬೇಕು.

ಈ ಗೇಟುಗಳನ್ನು ನಡೆಸುವ ಎಂಜೈಮ್‌ಗಳು ಜೀನ್‌ಗಳಿಂದ ಬರುತ್ತವೆ. ವಂಶದ ಮಾತು ಸೇರುವುದು ಇಲ್ಲೇ. ಎಂಟಿಎಚ್‌ಎಫ್‌ಆರ್ ಎಂಬ ಜೀನಿನ 677ನೇ ಜಾಗದಲ್ಲಿ ಕೆಲವರಿಗೆ ‘ಸಿ’ ಬದಲು ‘ಟಿ’ ಇರುತ್ತದೆ. ಇದನ್ನು 1995ರಲ್ಲಿ ಗುರುತಿಸಿದ್ದು ಕೆನಡಾದ ರೀಮಾ ರೋಜನ್ ಅವರ ತಂಡ. ಅಪ್ಪ, ಅಮ್ಮ ಇಬ್ಬರಿಂದಲೂ ‘ಟಿ’ ಬಂದರೆ ಆ ಎಂಜೈಮಿನ ಕೆಲಸ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಭಾರತದಲ್ಲಿ ಅಂಥವರು ಕಡಿಮೆ. ಇದ್ದರೂ, ಊಟದಲ್ಲಿ ಫೋಲೇಟ್ ಸಾಕಷ್ಟಿದ್ದರೆ ಹೋಮೋಸಿಸ್ಟೀನ್ ಹೆಚ್ಚೇನೂ ಏರುವುದಿಲ್ಲ.

ಎರಡನೇ ಗೇಟಿನ ಸಿಬಿಎಸ್ ಜೀನ್ ಕೆಟ್ಟರೆ ಮಾತ್ರ ಕತೆ ಬೇರೆ. ಅದು ಹೋಮೋಸಿಸ್ಟಿನೂರಿಯಾ ಎಂಬ ಅಪರೂಪದ ಕಾಯಿಲೆ. ಹೋಮೋಸಿಸ್ಟೀನ್ 100 ದಾಟುತ್ತದೆ, ಚಿಕ್ಕ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದರಷ್ಟೇ ಇದು ಬರುತ್ತದೆ. ಅಕ್ಕನ ಮಗಳನ್ನೇ ಮನೆಗೆ ತಂದುಕೊಳ್ಳುವ ನಮ್ಮ ಕಡೆಯವರು ಇದೊಂದನ್ನು ತಿಳಿದಿರಬೇಕು: ಒಳಸಂಬಂಧದಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು.

ಹಾಗಾದರೆ 34 ಎಲ್ಲಿಂದ ಬಂತು? 2006ರಲ್ಲಿ ಪುಣೆಯ ಡಾ. ಯಾಜ್ಞಿಕ್ ಅವರ ತಂಡ 441 ಗಂಡಸರ ರಕ್ತ ನೋಡಿದ ವರದಿ ಬಂತು. ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆ, ಅರ್ಧಕ್ಕಿಂತ ಹೆಚ್ಚು ಜನರಿಗೆ ಹೋಮೋಸಿಸ್ಟೀನ್ 15ರ ಮೇಲೆ. ನಮ್ಮ ರೊಟ್ಟಿ ಊಟ ನೋಡ್ರಿ: ಹೆಸರುಕಾಳು, ಮೆಂತ್ಯ, ಹಸಿ ಹಕ್ಕರಕಿ, ಶೇಂಗಾ ಹಿಂಡಿ. ಫೋಲೇಟಿಗೆ ಅಷ್ಟು ಬರ ಇಲ್ಲ. ಆದರೆ ಬಿ12 ಜೋಳದಲ್ಲೂ ಇಲ್ಲ, ಬೇಳೆಯಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ದೇವದುರ್ಗದ ಗೆಳೆಯನ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟಲ್ಲ. ಹಾಲು ಚಹಾದಲ್ಲಿ ಎಷ್ಟೋ ಅಷ್ಟೇ. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿ ಕೆಲವು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ದೊಡ್ಡ ಜಗಳ ಆಯ್ತು. ಇಂಗ್ಲಿಷ್ ಮೀಡಿಯಂನ ನಾವು ಅದನ್ನು ಟಿವಿಯಲ್ಲಿ ನೋಡಿದೆವು. ಬಿ12 ಅನ್ನೋ ಹೆಸರು ಒಮ್ಮೆಯೂ ಕಿವಿಗೆ ಬೀಳಲಿಲ್ಲ.

ಹಾಗಂತ ಬಿ12 ಮಾತ್ರೆ ನುಂಗಿದರೆ ಹೃದಯ ಸೇಫ್ ಅಂತಲೂ ಅಲ್ಲ. 2006ರಲ್ಲೇ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ನಾರ್ವೆಯ ನಾರ್ವಿಟ್‌ನಲ್ಲಿ 3,749 ಜನ, ಹೋಪ್-2ರಲ್ಲಿ 5,522 ಜನ. ಬಿ ವಿಟಮಿನ್ ತಗೊಂಡವರ ಹೋಮೋಸಿಸ್ಟೀನ್ ಇಳಿಯಿತು. ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ಟೆಂಪರೇಚರ್ ಗೇಜಿನ ಮುಳ್ಳನ್ನು ಕೈಯಿಂದ ಇಳಿಸಿದರೆ ಎಂಜಿನ್ ತಣ್ಣಗಾಗಲ್ಲ ಅಂತ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಹೇಳಬೇಕಿಲ್ಲ. ಬಿ12 ಕೊರತೆ ಇದ್ದರೆ ಡಾಕ್ಟರಿಗೆ ತೋರಿಸಿ ಸರಿಮಾಡಿಕೊಳ್ಳಲೇಬೇಕು. ರಕ್ತಹೀನತೆ, ಕೈಕಾಲು ಜೋಮು ಅದರಿಂದಲೇ ಬರಬಹುದು. ಹೃದಯದ ಲೆಕ್ಕ ಬೇರೆ.

ಗೆಳೆಯನ ಅಪ್ಪನನ್ನು ರಾಯಚೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಬಿ12 ನೋಡಿದರು, ಕಡಿಮೆ ಇತ್ತು. ಬಿಪಿಯನ್ನೂ ನೋಡಿದರು, 160/100. ಅಷ್ಟು ದಿನ ಮನೆಯವರೆಲ್ಲ ಆ 34ನ್ನೇ ನೋಡ್ತಾ ಕೂತಿದ್ದರು. ಬಿಪಿ ಅಳೆಸೋಣ ಅಂತ ಯಾರೂ ಅಂದಿರಲಿಲ್ಲ. ಈಗ ಮಾತ್ರೆ ತಗೊಳ್ತಾರೆ. ಗುಟ್ಕಾ ಪೂರ್ತಿ ಬಿಟ್ಟಿಲ್ಲ. ದಿನಾ ಮಗ ಫೋನ್ ಮಾಡಿ ಜಗಳ ಆಡ್ತಾನೆ.

ವಂಶದ ಮಾತು ಪೂರ್ತಿ ಸುಳ್ಳಲ್ಲ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯದ ತೊಂದರೆ ಬಂದಿದ್ದರೆ ಡಾಕ್ಟರು ನಮ್ಮ ರಿಸ್ಕ್ ಹೆಚ್ಚು ಅಂತಲೇ ಲೆಕ್ಕ ಹಾಕುತ್ತಾರೆ. ಅಂಥ ಮನೆಯವರು ಬಿಪಿ, ಶುಗರ್, ಕೊಲೆಸ್ಟ್ರಾಲ್ ಬೇರೆಯವರಿಗಿಂತ ಬೇಗ ನೋಡಿಸಬೇಕು, ತಂಬಾಕು ಬೇರೆಯವರಿಗಿಂತ ಮೊದಲು ಬಿಡಬೇಕು. “ವಂಶದಾಗ ಐತಿ” ಅನ್ನೋದಕ್ಕೆ ನಮಗೆ ತಿಳಿದ ಅರ್ಥ ಇಷ್ಟೇ. ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ್ನ ಗಾಡಿ ಮೇಲೆ ಕೂರಿಸಿಕೊಂಡು ಹೋಗಿ ಬರ್ರಿ. ಅರ್ಧ ತಾಸಿನ ಕೆಲಸ.