ಮುಖ ಬೇಡ, ದನಿ ತಗೋ

ನಮ್ಮ ಬೀದಿಯ ಯಾವ ಮನೆಗೆ ಹೋದರೂ ಅಲಮಾರಿಯ ಮೇಲಿನ ಅರೆಯಲ್ಲಿ ಮದುವೆಯ ವೀಡಿಯೋ ಕ್ಯಾಸೆಟ್ಟೊಂದು ಸಿಗುತ್ತದೆ. ಅದನ್ನು ಹಾಕಿ ನೋಡುವ ಯಂತ್ರ ಉಳಿದಿಲ್ಲ ಎಂಬುದು ಬೇರೆ ಮಾತು. ಕೆಟ್ಟುಹೋಗುವ ಮೊದಲೇ ಸೀಡಿಗೆ ಇಳಿಸಿಕೊಂಡ ಜಾಣರು ಹಾಕಿ ನೋಡಲಿ. ಹಳದಿ, ಮೆಹಂದಿ, ನಿಕಾಹ್, ರುಖ್ಸತಿ ಎಲ್ಲವೂ ಇದೆ. ಹೆಂಗಸರು ಢೋಲಕ್ ಸುತ್ತ ಕುಳಿತು ಬಾಯಿ ತುಂಬ ಹಾಡುತ್ತಿದ್ದಾರೆ. ಆದರೆ ಕೇಳಿಸುವುದು ಬೊಂಬಾಯಿಯ ಸಿನಿಮಾ ಹಾಡು. ವೀಡಿಯೋದವನು ಮೂಲದ ಸದ್ದನ್ನು ಅಳಿಸಿ ಅದರ ಜಾಗದಲ್ಲಿ ಆ ವರ್ಷದ ಜನಪ್ರಿಯ ಹಾಡನ್ನು ಕೂರಿಸಿದ್ದ. ಆ ಕಾಲಕ್ಕೆ ಎಲ್ಲರಿಗೂ ಅದೇ ಚೆಂದವೆನಿಸಿತ್ತು. ಅಂದು ಢೋಲಕ್ ಸುತ್ತ ಕುಳಿತವರಲ್ಲಿ ಅರ್ಧದಷ್ಟು ಜನ ಇಂದು ಮಣ್ಣಿನಲ್ಲಿದ್ದಾರೆ. ಅವರ ತುಟಿ ಅಲ್ಲಾಡುವುದು ನಮ್ಮ ಬಳಿ ಇದೆ, ದನಿ ಇಲ್ಲ.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ (2008) ಚಿತ್ರದಲ್ಲಿ ಕಡಲ ಬದಿಯ ಮುಸ್ಲಿಂ ಸೂಲಗಿತ್ತಿಯ ಮನೆಗೆ ಟೀವಿ ಬರುತ್ತದೆ, ಅದನ್ನು ನೋಡಲು ಸುತ್ತಲಿನ ಹೆಂಗಸರು ಅಲ್ಲಿ ಸೇರುತ್ತಾರೆ. ಅಲ್ಲಿ ಚಿತ್ರ ಹೊರಗಿನಿಂದ ಮನೆಯೊಳಗೆ ಬಂತು. ಇಂದು ಅದು ಮನೆಯೊಳಗಿನಿಂದ ಹೊರಗೆ ಹೊರಟಿದೆ. ಶಾಲೆಗೆ ಹೋಗುವ ಹುಡುಗನ ಕೈಯಲ್ಲೂ ಕ್ಯಾಮೆರಾ ಇದೆ. ಅದನ್ನು ಹೇಗೆ ಹಿಡಿಯಬೇಕು, ಹಿಡಿದದ್ದನ್ನು ಎಲ್ಲಿ ಕತ್ತರಿಸಬೇಕು ಎಂದು ಹೇಳಿಕೊಡುವವರು ಮಾತ್ರ ಕಡಿಮೆ. ನಾನು ಕಥೆ ಬರೆಯುವವಳು, ಕ್ಯಾಮೆರಾ ನನ್ನ ಕಸುಬಲ್ಲ. ಆದರೂ ಎರಡು ವರ್ಷ ನನ್ನ ನಾನೀಮಾ ಅವರ ಹಾಡು, ಮಾತುಗಳನ್ನು ಹಿಡಿಯುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರದಾದರೂ ಮನೆಯಲ್ಲಿ ಒಬ್ಬ ಅಜ್ಜಿ ಉಳಿದಿದ್ದರೆ ಉಪಯೋಗಕ್ಕೆ ಬಂದೀತು.

ನಮ್ಮದು ವಿಜಾಪುರದ ಕಡೆ. ಇಲ್ಲಿನ ಸೂಫಿಗಳ ಪರಂಪರೆಯಲ್ಲಿ ದಖನಿ ಮಾತಿನ ಚಕ್ಕಿನಾಮಾ, ಚರ್ಖಾನಾಮಾಗಳು ಹುಟ್ಟಿದವು. ಹೆಂಗಸರು ಬೀಸುವಾಗ, ನೂಲುವಾಗ ಅವನ್ನು ಹಾಡಿಕೊಂಡರು. ಬೀಸುಕಲ್ಲಿನ ಗೂಟ, ಅದರ ತಿರುವು ಇವೆಲ್ಲ ದೇವರ ನೆನಪಿನ ರೂಪಕಗಳಾದವು. ರಿಚರ್ಡ್ ಈಟನ್ ‘ಸೂಫೀಸ್ ಆಫ್ ಬಿಜಾಪುರ’ (1978) ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಪುಸ್ತಕದಲ್ಲಿರುವುದು ಅಕ್ಷರ. ನಾನೀಮಾ ಹಾಡುವಾಗ ಕಲ್ಲಿನ ಗರಗರ ಸದ್ದು ಹಾಡಿನ ತಾಳವೇ ಆಗಿರುತ್ತದೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಹಿತ್ತಲು ಸೇರಿತು, ಅದರ ಹಿಂದೆಯೇ ಹಾಡೂ ಹೋಯಿತು. ಎಂಬತ್ತಾರರ ನಾನೀಮಾ ಒಬ್ಬರಿಗೇ ಅದು ಇನ್ನೂ ನೆನಪಿದೆ, ಅದೂ ಕೈ ಕಲ್ಲಿನ ಮೇಲಿದ್ದಾಗ ಮಾತ್ರ.

ಅಕ್ಕನ ಮಗಳು ಡಿಗ್ರಿ ಓದುತ್ತಾಳೆ, ಮೊಬೈಲು ಅವಳಿಗೆ ಬೆರಳಿನ ತುದಿ. ಅವಳು ಕ್ಯಾಮೆರಾ ಎತ್ತಿದೊಡನೆ ನಾನೀಮಾ ಸೆರಗನ್ನು ಮುಖಕ್ಕೆ ಎಳೆದುಕೊಂಡು, “ಚೆಹ್ರಾ ನಕ್ಕೋ, ಆವಾಜ್ ಲೇಲೇ” ಎಂದರು. ಮುಖ ಬೇಡ, ದನಿ ತಗೋ. ಪರದೆಯೇ ಇದಕ್ಕೆ ಕಾರಣವೆಂದು ಓದುಗರು ಅಂದುಕೊಳ್ಳಬಹುದು. ನಾನು ಕೇಳಿಯೇಬಿಟ್ಟೆ. “ಹಲ್ಲಿದ್ದಾಗ ಒಬ್ಬರೂ ಫೋಟೋ ಕೇಳಲಿಲ್ಲ, ಈಗ ಯಾಕೆ?” ಎಂದರು.

“ಖಾಲಾ, ಮುಖವಿಲ್ಲದೆ ವೀಡಿಯೋ ಹೇಗಾಗುತ್ತದೆ?” ಎಂದು ಹುಡುಗಿಗೆ ನಿರಾಸೆ. ಆದರೆ ಆ ಒಂದು ಷರತ್ತೇ ನಮಗೆ ವೀಡಿಯೋದ ಮೊದಲ ಪಾಠವಾಯಿತು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೊದಲ ಖರ್ಚು ಮೈಕಿಗೇ ಇರಲಿ. ಮೊಬೈಲಿಗೆ ಸಿಕ್ಕಿಸುವ, ಬಟ್ಟೆಗೆ ಕ್ಲಿಪ್ಪು ಹಾಕುವ ಸಣ್ಣ ಮೈಕು ಸಾಕು. ಅದನ್ನು ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ ಸಿಕ್ಕಿಸಬೇಕು. ಬಳೆಯ ಸದ್ದು ಹಾಡಿಗೆ ಸೇರಿದ್ದು, ಇರಲಿ. ಸೆರಗಿನ ಸರಸರ ಮಾತನ್ನೇ ನುಂಗುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ಹಾಡಿನ ನಟ್ಟನಡುವೆ ಯಾರದೋ ಕರೆ ಬರುತ್ತದೆ. ಫ್ಯಾನು ನಿಲ್ಲಿಸಿ, ಫ್ರಿಜ್ಜು ಆರಿಸಿ. ಸದ್ದಿನ ಕಸುಬಿನವರಲ್ಲಿ ಒಂದು ಉಪಾಯವಿದೆ: ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು. ಮನೆಗೆ ಹೊರಡುವಾಗ ಕೀಲಿ ಹುಡುಕಿದರೆ ಫ್ರಿಜ್ಜನ್ನು ಮತ್ತೆ ಹಚ್ಚುವುದು ನೆನಪಾಗುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡಾಗುತ್ತಿರುವುದನ್ನೇ ಕೇಳುತ್ತಿರಿ. ಸದ್ದಿನ ಅಳತೆಯ ಗೆರೆ ಕೆಂಪನ್ನು ಮುಟ್ಟಬಾರದು, ಜೋರಾದ ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ನಿಂತರೆ ಸರಿ. ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಆ ಕೋಣೆಯ ಮೌನವನ್ನೂ ರೆಕಾರ್ಡು ಮಾಡಿಕೊಳ್ಳಿ. ಪ್ರತಿ ಕೋಣೆಯ ಮೌನವೂ ಬೇರೆ ಬೇರೆ. ಕತ್ತರಿಸಿ ಜೋಡಿಸುವಾಗ ಸಂದುಗಳನ್ನು ಮುಚ್ಚಲು ಅದೇ ಬೇಕು.

ಇನ್ನು ಬೆಳಕು. ಕಿಟಕಿಯ ಬೆಳಕಿಗಿಂತ ಒಳ್ಳೆಯ ದೀಪ ನಮ್ಮಂಥವರ ಮನೆಯಲ್ಲಿಲ್ಲ. ಕಿಟಕಿ ಕೂತವರ ಪಕ್ಕಕ್ಕಿರಲಿ, ಬೆನ್ನಿಗಿದ್ದರೆ ಮನುಷ್ಯ ನೆರಳಾಗುತ್ತಾನೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಕೆಲವೊಮ್ಮೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತವೆ. ಮೊಬೈಲು ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹೆಚ್ಚಿನ ಮೊಬೈಲುಗಳು ತಾವಾಗಿಯೇ ಸೆಕೆಂಡಿಗೆ 30 ಚಿತ್ರ ತೆಗೆಯುವಂತೆ ಸಿದ್ಧವಾಗಿ ಬರುತ್ತವೆ. ಸೆಟ್ಟಿಂಗಿನಲ್ಲಿ ಅವಕಾಶವಿದ್ದರೆ 25 ಚಿತ್ರ, ಶಟರನ್ನು ಐವತ್ತರಲ್ಲಿ ಒಂದು ಅಥವಾ ನೂರರಲ್ಲಿ ಒಂದು ಸೆಕೆಂಡಿಗೆ ಇಟ್ಟರೆ ಪಟ್ಟಿ ಮಾಯವಾಗುತ್ತದೆ.

ಚಿತ್ರ ತೆಗೆಯುವ ಮುಂಚೆ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಡುಗೆಮನೆಯಿಂದ ಬಂದ ಕೈಯ ಎಣ್ಣೆ ಅದರ ಮೇಲಿರುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ನಿಂತಲ್ಲೇ ನಿಲ್ಲುತ್ತವೆ, ನಡುನಡುವೆ ಬದಲಾಗುವುದಿಲ್ಲ. ಬೆರಳಿನಿಂದ ಎಳೆದು ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಒಂದೊಂದು ಚಿತ್ರವನ್ನೂ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಅಲ್ಲಾಡಿಸದೆ ಹಿಡಿಯಿರಿ. ಅತ್ತಿತ್ತ ತೂಗಾಡುವ ಚಿತ್ರವನ್ನು ಎಲ್ಲಿಯೂ ಕತ್ತರಿಸಲು ಬರುವುದಿಲ್ಲ.

ಮುಖ ಬೇಡವೆಂದ ಮೇಲೆ ನಾವು ಉಳಿದದ್ದನ್ನು ನೋಡತೊಡಗಿದೆವು. ಗೂಟ ಹಿಡಿದ ನರ ಉಬ್ಬಿದ ಕೈ, ಸುರಿಯುವ ಜೋಳದ ಹಿಟ್ಟು, ಪಾನ್‌ದಾನದ ಮುಚ್ಚಳ, ಗೋಡೆಯ ಮೇಲೆ ತೂಗುವ ನೆರಳು, ಮಡಿಚಿಟ್ಟ ಜಾನಮಾಜು. ದೂರದಿಂದ ಒಂದು, ನಡುವಿನಿಂದ ಒಂದು, ತೀರ ಹತ್ತಿರದಿಂದ ಒಂದು, ಹೀಗೆ ಪ್ರತಿಯೊಂದನ್ನೂ ಮೂರು ಸಲ ತೆಗೆದೆವು. ಇರಾನಿನ ಅಬ್ಬಾಸ್ ಕಿಯರೊಸ್ತಾಮಿ ‘ಟೆನ್’ (2002) ಚಿತ್ರಕ್ಕಾಗಿ ತೆಹರಾನಿನ ಒಂದು ಕಾರಿನ ಮುಂಭಾಗಕ್ಕೆ ಸಣ್ಣ ಡಿಜಿಟಲ್ ಕ್ಯಾಮೆರಾ ಕಟ್ಟಿ, ಕಾರು ಓಡಿಸುವ ಹೆಂಗಸು ಮತ್ತು ಅವಳ ಪಕ್ಕ ಕುಳಿತವರ ಮಾತುಗಳಿಂದಲೇ ಇಡೀ ಸಿನಿಮಾ ಮಾಡಿದರು. ದೊಡ್ಡ ಕ್ಯಾಮೆರಾದ ಮುಂದೆ ಮನುಷ್ಯ ಭಾಷಣ ಮಾಡುತ್ತಾನೆ, ಸಣ್ಣದರ ಮುಂದೆ ಮಾತಾಡುತ್ತಾನೆ. ನಮ್ಮ ಮೊಬೈಲನ್ನು ನಾವು ಅಕ್ಕಿಯ ಡಬ್ಬಿಗೆ ಒರಗಿಸಿಟ್ಟೆವು. ಅದು ಅಲ್ಲಿರುವುದು ನಾನೀಮಾ ಅವರಿಗೆ ಗೊತ್ತಿತ್ತು, ಆದರೆ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಗೊತ್ತಿಲ್ಲದಂತೆ ಇಡುವುದು ಬೇರೆಯೇ ಕೆಲಸ, ಅದಕ್ಕೆ ಕಳವು ಎಂದು ಹೆಸರು.

ತೆಗೆದದ್ದನ್ನು ಅಂದೇ ನಕಲು ಮಾಡಿಡಬೇಕು. ಸಾಮಾನ್ಯ 1080ಪಿ ವೀಡಿಯೋ ನಿಮಿಷಕ್ಕೆ 60ರಿಂದ 130 ಎಂಬಿಯಷ್ಟು ಜಾಗ ತಿನ್ನುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲೊಂದು ಬೇರೆ ಮನೆಯಲ್ಲಿ. ಇದು ಬಲ್ಲವರ ಲೆಕ್ಕ. ವಾಟ್ಸಾಪಿನಲ್ಲಿ ವೀಡಿಯೋ ಎಂದು ಕಳಿಸಿದರೆ ಅದು ಕುಗ್ಗಿ ಸೊರಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಈಗ ಕತ್ತರಿಯ ಕೆಲಸ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್‌ನಂಥ ತಂತ್ರಾಂಶಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಪೆನ್ನು ಹಿಡಿದು ಕೂರಿ. ಎಲ್ಲವನ್ನೂ ಒಮ್ಮೆ ಕೇಳಿ, ಎಷ್ಟನೆಯ ನಿಮಿಷಕ್ಕೆ ಏನು ಮಾತು ಎಂದು ಬರೆದುಕೊಳ್ಳಿ. ಮೊದಲು ಸದ್ದನ್ನಷ್ಟೇ ಜೋಡಿಸಿ. ಕಣ್ಣು ಮುಚ್ಚಿ ಕೇಳಿದರೂ ಕಥೆ ತಿಳಿಯಬೇಕು. ಆಮೇಲೆ ಅದರ ಮೇಲೆ ಚಿತ್ರ ಹೊದಿಸಿ. ಮುಂದಿನ ಚಿತ್ರದ ಸದ್ದು ಒಂದೆರಡು ಸೆಕೆಂಡು ಮೊದಲೇ ಕೇಳಿಸಲಿ. ಕಲ್ಲಿನ ಸದ್ದು ಮೊದಲು, ಕಲ್ಲು ಆಮೇಲೆ. ಹಾಗೆ ಮಾಡಿದರೆ ಕತ್ತರಿ ಆಡಿದ್ದು ಗೊತ್ತಾಗುವುದಿಲ್ಲ. ದಖನಿ ಮಾತಿಗೆ ಕನ್ನಡದ ಸಾಲು ಹಾಕುವವರು ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ಪರೀಕ್ಷಿಸಿ, ಕೆಲವು ಕಡೆ ಒತ್ತಕ್ಷರ ಪಕ್ಕಕ್ಕೆ ಜಾರಿಬಿಡುತ್ತದೆ. ಒಂದು ಸಾಲು ಪರದೆಯ ಮೇಲೆ ನಿಧಾನವಾಗಿ ಓದಿ ಮುಗಿಸುವಷ್ಟು ಹೊತ್ತು ನಿಲ್ಲಲಿ.

ನಿಜವಾದ ಕಷ್ಟ ನಮಗೆ ಎದುರಾದದ್ದು ಹಾಡಿನಲ್ಲಿ ಅಲ್ಲ, 1972ರ ಬರದ ನೆನಪಿನಲ್ಲಿ. ನಾನೀಮಾ ಹೇಳಿದ್ದು ಇಷ್ಟು: “ಎದುರುಮನೆ ಕುಂಬಾರರು ಬಂದು ನಮ್ಮ ತಾಮ್ರದ ಹಂಡೆ ಎತ್ತಿಕೊಂಡು ಹೋದರು.” ಆಮೇಲೆ ಏಳು ಸೆಕೆಂಡು ಮೌನ. ಆಮೇಲೆ, “ನಾವೇ ಕೊಟ್ಟದ್ದು. ಮಾರಿಕೊಳ್ಳಲು ಅವರ ಮನೆಯಲ್ಲಿ ಏನೂ ಉಳಿದಿರಲಿಲ್ಲ.”

ಹುಡುಗಿ ಮೌನವನ್ನು ಕತ್ತರಿಸೋಣ ಎಂದಳು. ಹದಿನೈದು ಸೆಕೆಂಡಿನ ತುಣುಕಿಗೆ ಮೊದಲ ವಾಕ್ಯವೊಂದೇ ಜೋರಾಗಿದೆ, ಅಲ್ಲಿಗೇ ನಿಲ್ಲಿಸಿದರೆ ಜನ ಮುಂದೇನೆಂದು ಕೇಳುತ್ತಾರೆ ಎಂದೂ ಹೇಳಿದಳು. ಅವಳ ಮನಸ್ಸಿನಲ್ಲಿ ಕೆಡುಕಿಲ್ಲ, ಕೈಗೆ ಅಭ್ಯಾಸವಾದ ಅಳತೆ ಅದು. ನಾನು ಅವಳಿಗೆ ಲೆವ್ ಕುಲೆಶೊವ್ ಎಂಬ ರಷ್ಯನ್ನನ ಕಥೆ ಹೇಳಿದೆ. ಸುಮಾರು ನೂರು ವರ್ಷಗಳ ಹಿಂದೆ ಅವನು ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಊಟದ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ನೋಡಿದವರಿಗೆ ಒಂದು ಕಡೆ ಹಸಿವು, ಇನ್ನೊಂದು ಕಡೆ ದುಃಖ ಕಂಡಿತು. ಮುಖ ಮಾತ್ರ ಅದೇ. ನಮ್ಮ ಮೊದಲ ವಾಕ್ಯವೂ ಹಾಗೆಯೇ. ಅಲ್ಲಿಗೆ ಕತ್ತರಿಸಿದರೆ ಮುಸಲ್ಮಾನರ ಮನೆಯ ಹಂಡೆಯನ್ನು ಕುಂಬಾರರು ದೋಚಿದ ಕಥೆಯಾಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಪ್ರತಿಯೊಂದು ಅಕ್ಷರವೂ ನಾನೀಮಾ ಅವರದೇ. ಆದರೂ ಅದು ಸುಳ್ಳು. ಇಂಥ ಅರ್ಧ ತುಣುಕುಗಳಿಂದ ಊರುಗಳಿಗೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಬಗ್ಗೆ ಬೇರೆಯವರು ಹಾಗೆ ಕತ್ತರಿಸಿದಾಗ ಕೂಗೆಬ್ಬಿಸುವ ನಾವು ನಮ್ಮ ಕತ್ತರಿಯನ್ನೂ ನೋಡಿಕೊಳ್ಳಬೇಕು. ಏಳು ಸೆಕೆಂಡಿನ ಮೌನ ಹಾಗೆಯೇ ಉಳಿಯಿತು. ಆ ಮೌನದ ಮೇಲೆ ನಾವು ಇಟ್ಟದ್ದು ನಿಂತ ಬೀಸುಕಲ್ಲಿನ ಚಿತ್ರ.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ಹೊರಗಿಡುವುದು. ಉರ್ದು ಶಾಲೆಯಲ್ಲಿ ನಾನು ಕಲಿತ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕಾದದ್ದು. ಒಬ್ಬರು ತಮ್ಮ ದನಿಯನ್ನು ಕೊಟ್ಟರೆ ಅದು ಈ ಎರಡನೆಯ ಅರ್ಥದ ಅಮಾನತ್. ಹಾಗಾಗಿ ರೆಕಾರ್ಡಿನ ಶುರುವಿನಲ್ಲಿಯೇ ಹೆಸರು, ಊರು, ತಾರೀಖು ಹೇಳಿಸಿ. ಇದನ್ನು ಯಾರು ಯಾರು ಕೇಳಬಹುದು ಎಂದು ಅವರ ಬಾಯಿಂದಲೇ ಕೇಳಿ, ಅದನ್ನೂ ರೆಕಾರ್ಡು ಮಾಡಿಕೊಳ್ಳಿ.

ನಾನೀಮಾ ಹಾಡನ್ನು ಯಾರಾದರೂ ಕೇಳಲಿ ಎಂದರು. ಬರದ ಮಾತಿಗೆ ಮಾತ್ರ, “ಹಂಡೆ ಅವರ ಮನೆಗೆ ಹೋದದ್ದು, ಮಾತೂ ಅವರನ್ನು ಕೇಳಿಯೇ ಹೋಗಲಿ. ಇಲ್ಲಿ ಬರೆಯುವುದಿದ್ದರೂ ಕೇಳು” ಎಂದರು. ಎದುರುಮನೆಯಲ್ಲಿ ಈಗ ಮೊಮ್ಮಗನ ಸಂಸಾರ. ನಾನೂ ಹುಡುಗಿಯೂ ಮೊಬೈಲು ತೆಗೆದುಕೊಂಡು ಹೋಗಿ ಪೂರ್ತಿ ಕೇಳಿಸಿದೆವು. ಅವನು ಮೌನ ಮುಗಿಯುವವರೆಗೆ ಕಾದು, ಕೊನೆಯ ವಾಕ್ಯ ಕೇಳಿದ ಮೇಲೆ ಹೆಂಡತಿಯನ್ನು ಕರೆದು ಇನ್ನೊಮ್ಮೆ ಹಾಕಿಸಿದ. ಆಮೇಲೆ, “ಹಾಕ್ರಿ ಅಕ್ಕಾರ, ಆದ್ರ ಕೆಳಗ ನಮ್ಮ ಅಜ್ಜಿ ಹೆಸರೂ ಹಾಕ್ರಿ” ಎಂದ.